ಬಯಲುಸೀಮೆಯ ಪೇಟೆಗಳಲ್ಲಿ ಸಮುದ್ರನೊರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಹೆಸರುಗಳನ್ನು ಕೇಳಿದೊಡನೆ ಕಣ್ಣಿಗೆ ಕಟ್ಟುವುದು ಎರೆಯ ಕಪ್ಪು ಹೊಲ, ಮಸಾರಿಯ ಕೆಂಪು ಹೊಲ, ಕರಡಿಗಳು ವಾಸಿಸುವ ಗುಡೇಕೋಟೆಯ ಕಲ್ಲುಗುಡ್ಡ, ಮಳೆ ಹಿಡಿದರೆ ತುಂಬಿ ಮಳೆ ಬಿಟ್ಟರೆ ಬಿರಿಯುವ ಕೆರೆಯಂಗಳ, ಜೋಳ, ಸಜ್ಜೆ, ಶೇಂಗಾ. ಕಡಲೆಂಬುದು ಈ ಚಿತ್ರದ ಯಾವ ಮೂಲೆಯಲ್ಲಿಯೂ ಸುಳಿಯದು. ಹತ್ತಿರದ ಕರಾವಳಿಯೂ ನೇರ ಗೆರೆಯಲ್ಲಿ ಅಳೆದರೆ 150 ಕಿಲೋಮೀಟರಿಗೆ ಮಿಕ್ಕಿದ ದೂರದಲ್ಲಿ, ಸಹ್ಯಾದ್ರಿಯ ಆಚೆಗೆ ಇರುವುದು. ಇಲ್ಲಿ ಬಿದ್ದ ನೀರು ಆ ಕಡಲಿಗೆ ಹೋಗುವುದೂ ಇಲ್ಲ, ಹಗರಿಯ ಮೂಲಕವೋ ನೇರವಾಗಿಯೋ ತುಂಗಭದ್ರೆಯನ್ನು ಕೂಡಿ, ಕೃಷ್ಣೆಯೊಡನೆ ಪೂರ್ವಸಮುದ್ರದ ಪಾಲಾಗುವುದು. ಹೀಗಿದ್ದರೂ ಕಡಲನ್ನು ಕಂಡರಿಯದ ಈ ಸೀಮೆಯ ಜನರು ಕಡಲಿನ ಪ್ರಾಣಿಗಳ ಅವಶೇಷಗಳನ್ನು ತಮ್ಮ ಮೈಮೇಲೆ ಧರಿಸಿಕೊಂಡು, ದೇವರ ಜಗಲಿಯ ಮೇಲೆ ಇರಿಸಿಕೊಂಡು, ಗಾಯಕ್ಕೂ ಕಿವಿಗೂ ಕಣ್ಣಿಗೂ ಔಷಧವಾಗಿ ತೇಯ್ದುಕೊಂಡು ಬಹುಕಾಲದಿಂದ ಬಾಳಿದ್ದಾರೆಂಬುದನ್ನು ನಮ್ಮ ಪ್ರಾಂತೀಯ ಇತಿಹಾಸವನ್ನು ಬರೆದವರು ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ. ರಾಜರ ದತ್ತಿಗಳನ್ನೂ ಪಾಳೆಯಗಾರರ ಕಾಳಗಗಳನ್ನೂ ವಿವರಿಸಿದಷ್ಟೇ ಶ್ರದ್ಧೆಯಿಂದ ಒಂದು ಹಿಡಿ ಔಷಧದ ಪಯಣವನ್ನೂ ವಿವರಿಸತಕ್ಕದ್ದೆಂದು ನಾನು ನಂಬಿರುವುದರಿಂದ ಈ ಬರಹಕ್ಕೆ ತೊಡಗಿದ್ದೇನೆ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ ಕೂಡಿದಾಗ, ಕಾರಣಿಕವನ್ನು ಕೇಳಲು ನೆರೆಯುವ ಜನಸಾಗರದ ನಡುವೆ ಕರಿಯ ಕಂಬಳಿಯ ನಿಲುವಂಗಿ ತೊಟ್ಟು, ಕರಡಿಯ ಕೂದಲಿನ ಕುಲಾವಿ ಇಟ್ಟು, ಡಮರುಗ ನುಡಿಸುತ್ತ ಬರುವ ಗೊರವಯ್ಯನ ಎದೆಯ ಮೇಲೆ ಅಡ್ಡಲಾಗಿ ಇಳಿಬಿದ್ದಿರುವ ಕವಡೆಸರವನ್ನು ಯಾರಾದರೂ ನೋಡಬಹುದು. ಆ ಕಂಬಳಿ ಈ ನೆಲದ ಕುರಿಯದು, ಆ ಕರಡಿ ಈ ನೆಲದ ಗುಡ್ಡದ್ದು. ಆದರೆ ಆ ಕವಡೆ ಮಾಲ್ಡೀವ್ ದ್ವೀಪಗಳ ಸುತ್ತಲಿನ ಬೆಚ್ಚಗಿನ ನೀರಿನಲ್ಲಿ ಬದುಕಿದ್ದ ಒಂದು ಬಸವನಹುಳುವಿನ ಮನೆ. ಹರಪನಹಳ್ಳಿ ಸೀಮೆಯ ಉಚ್ಚಂಗಿದುರ್ಗಕ್ಕೆ ನಡೆದುಕೊಳ್ಳುವ ಜೋಗಮ್ಮಂದಿರ ಕೊರಳಲ್ಲಿಯೂ ಅದೇ ಕವಡೆ. ಮಠದಲ್ಲಿ ಊದುವ ಶಂಖ, ಮಕ್ಕಳ ಕೊರಳಿಗೆ ಕಟ್ಟುವ ಹವಳ, ಮದುವೆಯಲ್ಲಿ ಕೇಳಬರುವ ಮುತ್ತು, ಇವೆಲ್ಲವೂ ಕಡಲಿನವೇ. ಇವುಗಳೆಲ್ಲ ಕಣ್ಣಿಗೆ ಕಾಣುವ ಆಭರಣಗಳಾದ್ದರಿಂದ ಹಾಡಿನಲ್ಲಿಯೂ ಕಥೆಯಲ್ಲಿಯೂ ಸ್ಥಾನ ಪಡೆದುವು. ಗ್ರಂದಿಗೆ ಅಂಗಡಿಯ ಮರದ ಖಾನೆಯಲ್ಲಿ ಪಟಿಕದ ಮಗ್ಗುಲಿಗೆ, ಬಜೆಯ ಹಿಂದಕ್ಕೆ ಸುಮ್ಮನೆ ಬಿದ್ದಿದ್ದ ಸಮುದ್ರನೊರೆಗೆ ಮಾತ್ರ ಆ ಭಾಗ್ಯ ದೊರೆಯಲಿಲ್ಲ.

ಅಂಗೈಯ ಮೇಲಿಟ್ಟುಕೊಂಡು ನೋಡಿದರೆ ಸಮುದ್ರನೊರೆಯಷ್ಟು ವಿಚಿತ್ರವಾದ ವಸ್ತು ಆ ಅಂಗಡಿಯಲ್ಲಿ ಮತ್ತೊಂದಿರದು. ಎರಡು ತುದಿಗಳಲ್ಲಿ ಚೂಪಾಗುತ್ತ ನಡುವೆ ಅಗಲವಾಗಿರುವ ಬಿಳಿಯ ಫಲಕ. ಒಂದು ಮಗ್ಗುಲು ಗಡುಸಾಗಿ ಸಣ್ಣ ಸಣ್ಣ ಗಂಟುಗಳಿಂದ ತರಿತರಿಯಾಗಿರುವುದು, ಇನ್ನೊಂದು ಮಗ್ಗುಲು ಉಗುರು ತಾಗಿದರೆ ಸಾಕು, ಹಿಟ್ಟಾಗಿ ಉದುರುವುದು. ಗಾತ್ರವನ್ನು ಕಂಡು ಕೈ ಎಣಿಸಿಕೊಂಡ ಭಾರಕ್ಕೂ ಎತ್ತಿದಾಗ ತಿಳಿಯುವ ಭಾರಕ್ಕೂ ಹೋಲಿಕೆಯೇ ಇಲ್ಲದಷ್ಟು ಹಗುರ. ನೀರಿನಲ್ಲಿ ಬಿಟ್ಟರೆ ತೇಲುವುದು. ಮುರಿದು ನೋಡಿದರೆ ಕಾಗದದ ಹಾಳೆಗಿಂತಲೂ ತೆಳುವಾದ ಪದರಗಳು ಒಂದರ ಮೇಲೊಂದು ಕೂತಿದ್ದು, ಪದರ ಪದರಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಕಂಬಗಳು ನಿಂತು ಅಸಂಖ್ಯಾತ ಕೋಣೆಗಳಾಗಿರುವುವು. ನಾಲಗೆಗೆ ತಾಗಿಸಿದರೆ ತುಸು ಉಪ್ಪು, ಮತ್ತು ನಾಲಗೆಯ ಪಸೆಯನ್ನು ಅದು ಒಡನೆ ಹೀರಿಕೊಳ್ಳುವುದು. ಈ ವಸ್ತು ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಜೀವಿಯ ಹತ್ತಿರದ ದಾಯಾದಿಯಾದ ಕಟ್ಲ್‌ಫಿಶ್ ಎಂಬ ಪ್ರಾಣಿಯ ಬೆನ್ನೊಳಗಿನ ಚಿಪ್ಪು. ಹತ್ತು ತೋಳುಗಳೂ ನೀಲಿಯ ರಕ್ತವೂ ಮೂರು ಹೃದಯಗಳೂ ಉಳ್ಳ ಆ ಪ್ರಾಣಿ ಈ ಚಿಪ್ಪಿನ ಕೋಣೆಗಳಲ್ಲಿ ನೀರನ್ನೂ ಅನಿಲವನ್ನೂ ಹೆಚ್ಚು ಕಡಿಮೆ ಮಾಡಿಕೊಂಡು ಕಡಲಿನಲ್ಲಿ ಏರುವುದು, ಇಳಿಯುವುದು. ಪ್ರಾಣಿ ಸತ್ತ ಮೇಲೆ ಮೃದುವಾದ ಮೈಯೆಲ್ಲ ಕರಗಿ, ಹಗುರವಾದ ಚಿಪ್ಪು ಮಾತ್ರ ಅಲೆಗಳ ಮೇಲೆ ತೇಲುತ್ತ ಬಂದು ದಡವನ್ನು ಮುಟ್ಟುವುದು. ಮಳೆಗಾಲ ಕಳೆದ ಮೇಲೆ ಕಾಸರಗೋಡಿನಿಂದ ಕಾರವಾರದವರೆಗಿನ ಮರಳಿನಲ್ಲಿ ಇದನ್ನು ಆರಿಸಿಕೊಳ್ಳಬಹುದು.

ನಮ್ಮ ಪ್ರಾಚೀನರು ಇದನ್ನು ಪ್ರಾಣಿಯ ಅಂಗವೆಂದು ಎಣಿಸದೆ, ಕಡಲು ಉಗುಳಿದ ನೊರೆ ಗಟ್ಟಿಯಾದುದೆಂದು ಎಣಿಸಿದರು. ಅಮರಕೋಶದಲ್ಲಿ ಇದಕ್ಕೆ ಕಡಲಿನ ಕಫವೆಂಬ ಅರ್ಥದ ಹೆಸರೂ ಇದೆ. ಅಲೆಯ ನೊರೆಯ ಜತೆಯಲ್ಲಿಯೇ ದಡಕ್ಕೆ ಬಂದು ನೊರೆಯಷ್ಟೇ ಬೆಳ್ಳಗಿರುವ ವಸ್ತುವನ್ನು ಕಂಡವರಿಗೆ ಬೇರೆ ಬಗೆ ತೋಚಲು ಕಾರಣವಿರಲಿಲ್ಲ. ಈ ತಿಳುವಳಿಕೆಯಿಂದ ನಮ್ಮ ನಾಡಿನಲ್ಲಿ ಒದಗಿದ ಒಂದು ಪರಿಣಾಮವನ್ನು ಇಲ್ಲಿ ಹೇಳದಿರಲಾಗದು. ಕನ್ನಡ ದೇಶದ ವೈದ್ಯಪರಂಪರೆಯಲ್ಲಿ ಪ್ರಾಣಿಜನ್ಯವಾದ ಔಷಧಗಳ ವಿಷಯದಲ್ಲಿ ಗಂಭೀರವಾದ ವಿಚಾರ ನಡೆದಿತ್ತು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯನು ತನ್ನ ಕಲ್ಯಾಣಕಾರಕಕ್ಕೆ ಸೇರಿಸಿದ ಹಿತಾಹಿತ ಪ್ರಕರಣದಲ್ಲಿ, ಔಷಧದ ನೆಪದಲ್ಲಿಯಾದರೂ ಮಾಂಸವನ್ನು ಬಳಸುವುದು ಸಲ್ಲದೆಂದು ನೃಪತುಂಗವಲ್ಲಭನ ಸಭೆಯಲ್ಲಿ ವಾದಿಸಿದನು. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಕನ್ನಡಕ್ಕೆ ತಂದು, ಮದ್ಯ ಮಾಂಸ ಮಧುಗಳನ್ನು ತೊರೆದ ಚಿಕಿತ್ಸೆಯನ್ನು ಬೋಧಿಸಿದನು. ತರುವಾಯ ಉಜ್ಜಿನಿಯ ಪೀಠವೂ ಕೊಟ್ಟೂರಿನ ಗುರುಬಸವೇಶ್ವರರ ಪ್ರಭಾವವೂ ನೆಲೆಗೊಂಡ ಈ ಸೀಮೆಯಲ್ಲಿ ಶಾಕಾಹಾರದ ವ್ರತವು ಅನೇಕ ಮನೆಗಳ ನಿಯಮವಾಯಿತು. ಅಂತಹ ಮನೆಗಳ ಹೊಸ್ತಿಲನ್ನು ಕಡಲಪ್ರಾಣಿಯೊಂದರ ಚಿಪ್ಪು ನಿರಾತಂಕವಾಗಿ ದಾಟಿಬಂದಿತೆಂದರೆ, ಅದನ್ನು ಯಾರೂ ಪ್ರಾಣಿಯೆಂದು ಬಗೆಯದೆ ಸೈಂಧವ ಲವಣದ ಸಾಲಿನಲ್ಲಿಯೂ ಪಟಿಕದ ಸಾಲಿನಲ್ಲಿಯೂ ಇರಿಸಿದ್ದೇ ಅದಕ್ಕೆ ಕಾರಣವೆಂದು ನನಗೆ ತೋರುವುದು.

ಇನ್ನು ವೈದ್ಯಗ್ರಂಥಗಳು ಇದನ್ನು ಯಾವುದಕ್ಕೆ ವಿಧಿಸಿದುವೆಂಬುದನ್ನು ಸ್ವಲ್ಪ ಸಾವಧಾನದಿಂದ ನೋಡಬೇಕು. ಏಕೆಂದರೆ ನಮ್ಮ ಕಾಲದಲ್ಲಿ ಹಳೆಯ ಔಷಧಗಳ ಮೇಲೆ ಹೊಸ ಗುಣಗಳನ್ನು ಹೇರುವ ಆತುರ ಬಹಳವಾಗಿದೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವ್ರಣವನ್ನು ಕೆರೆದು ಶುದ್ಧಿಗೊಳಿಸುವ ಲೇಖನಕರ್ಮಕ್ಕೆ ಬೇಕಾದ ಸಾಮಗ್ರಿಗಳನ್ನು ಎಣಿಸುವಾಗ ನಾರುಬಟ್ಟೆ, ಅರಳೆ, ಯವಕ್ಷಾರ, ಸೈಂಧವ, ಒರಟಾದ ಎಲೆಗಳು ಇವುಗಳೊಡನೆ ಸಮುದ್ರಫೇನವನ್ನೂ, ಎಂದರೆ ಸಮುದ್ರನೊರೆಯನ್ನೂ, ಹೇಳಿದೆ. ಅಂದರೆ ಆ ಶಸ್ತ್ರವೈದ್ಯನು ಕಂಡ ಪ್ರಯೋಜನ ಮೊತ್ತಮೊದಲಿಗೆ ಅದರ ಒರಟುತನ: ಕೊಳೆತ ಮಾಂಸವನ್ನು, ಕೀವುಗಟ್ಟಿದ ಪೊರೆಯನ್ನು ತಿಕ್ಕಿ ತೆಗೆಯುವ ಗುಣ; ಆಮೇಲೆ ಪಸೆಯನ್ನು ಹೀರುವ ಗುಣ. ಚರಕಸಂಹಿತೆಯಲ್ಲಿ ನೇತ್ರರೋಗಕ್ಕೆ ಹೇಳಿದ ಸುಖಾವತೀ ವರ್ತಿಯಲ್ಲಿ ಚಿಲ್ಲದ ಬೀಜ, ಶಂಖ, ತ್ರಿಕಟು, ಸೈಂಧವ, ಮಣಿಶಿಲೆ, ಕೋಳಿಮೊಟ್ಟೆಯ ಓಡು ಮೊದಲಾದವುಗಳೊಡನೆ ಫೇನವೂ ಸೇರಿದೆ. ಅಲ್ಲಿಯೂ ಕಣ್ಣಿನ ಪೊರೆಯನ್ನು ಕೆರೆದು ತಿಳಿಗೊಳಿಸುವುದೇ ಉದ್ದೇಶ. ಕಿವಿ ಸೋರುವ ಮಕ್ಕಳಿಗೆ ಇದರ ನುಣ್ಣನೆಯ ಪುಡಿಯನ್ನು ಬಳಸುವ ರೂಢಿಯೂ ಹಳೆಯದು. ಪುಡಿಯ ಮೇಲೆ ನಿಂಬೆಯ ರಸ ಬಿದ್ದರೆ ಬುರುಬುರನೆ ನೊರೆಯೇಳುವುದನ್ನು ಕಂಡ ನಮ್ಮ ಅಜ್ಜಿಯರು ಅದನ್ನು ಕೀವು ಕಳಚಿಬರುವ ಲಕ್ಷಣವೆಂದು ತಿಳಿದರು. ಆ ನೊರೆ ಸುಣ್ಣದ ಕಾರ್ಬೊನೇಟು ಹುಳಿಯೊಡನೆ ಕೂಡಿದಾಗ ಹೊರಡುವ ಅನಿಲದ್ದೆಂದು ಇಂದು ಶಾಲೆಯ ಮಕ್ಕಳೂ ಬಲ್ಲರು. ತಮಟೆ ಹರಿದ ಕಿವಿಗೆ ಯಾವ ಪುಡಿಯನ್ನೂ ಯಾವ ರಸವನ್ನೂ ಹಾಕುವುದು ಅಪಾಯಕರ; ಕಿವುಡುತನಕ್ಕೆ, ಅದಕ್ಕಿಂತ ಕೆಟ್ಟದ್ದಕ್ಕೂ ದಾರಿಯಾದೀತು. ಹಳೆಯದೆಂಬ ಗೌರವದಿಂದ ಈ ಮಾತನ್ನು ಮೆಲ್ಲಗೆ ಹೇಳುವುದು ತರವಲ್ಲ.

ಸಮುದ್ರನೊರೆಯು ಉಪ್ಪಿನೊಡನೆ ಇಲ್ಲಿಗೆ ಬಂದ ದಾರಿಯ ವಿಚಾರವು ಇನ್ನೂ ರಸವತ್ತಾದುದು. ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ತಾಮ್ರಶಾಸನವು ಈ ಸೀಮೆಯಲ್ಲಿ ದೊರೆತ ಅತಿ ಪ್ರಾಚೀನ ದಾಖಲೆಗಳಲ್ಲೊಂದು. ಪ್ರಾಕೃತದಲ್ಲಿರುವ ಆ ಶಾಸನ ಸುಮಾರು 4ನೆಯ ಶತಮಾನದ್ದು. ದಾನ ಪಡೆದವರಿಗೆ ಅದರಲ್ಲಿ ಕೊಟ್ಟ ವಿನಾಯಿತಿಗಳನ್ನು ಓದುತ್ತ ಹೋದರೆ ಹುಲ್ಲು, ಸೌದೆ, ಕಾಯಿಪಲ್ಲೆ, ಹೂವು, ಸರದಿಯ ಎತ್ತು, ಇವುಗಳ ಜತೆಗೆ ಉಪ್ಪು ಬೆಲ್ಲಗಳ ಪೀಡೆಯಿಂದಲೂ ಬಿಡುಗಡೆ ಎಂಬ ಮಾತು ಕಾಣುವುದು. ರಾಜಪುರುಷರ ಕಣ್ಣು ಉಪ್ಪಿನ ಮೇಲೆ ಬಿದ್ದಿತ್ತೆಂದ ಮೇಲೆ ಉಪ್ಪಿನ ವ್ಯವಹಾರ ಆಗಲೇ ಬಲವಾಗಿತ್ತು. ಬಳಿಕ ಉಚ್ಚಂಗಿಯನ್ನು ಆಸರೆಯಾಗಿ ಮಾಡಿಕೊಂಡ ನೊಳಂಬರೂ, ಅವರ ಹಿಂದೆ ಕಲ್ಯಾಣದ ಚಾಳುಕ್ಯರೂ ಆಳಿದ ದಿನಗಳಲ್ಲಿ, ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ ಮೊದಲಾದ ದೇಗುಲಗಳು ಎದ್ದ 10 ಮತ್ತು 11ನೆಯ ಶತಮಾನಗಳಲ್ಲಿ, ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘವು ಕಡಲತೀರದ ಸರಕನ್ನು ಒಳನಾಡಿಗೂ ಒಳನಾಡಿನ ಸರಕನ್ನು ಕಡಲತೀರಕ್ಕೂ ಸಾಗಿಸುತ್ತಿತ್ತು. ವಿಜಯನಗರದ ಕಾಲದಲ್ಲಿ ಭಟ್ಕಳವು ರಾಜಧಾನಿಯ ಒಂದು ಹೆಬ್ಬಾಗಿಲಾಯಿತು. ಕುದುರೆಗಳು ಅಲ್ಲಿ ಇಳಿದು ಘಟ್ಟವನ್ನೇರಿದುವು. ಸುಮಾರು 1520ರಲ್ಲಿ ರಾಜಧಾನಿಯನ್ನು ಕಂಡ ಪೋರ್ಚುಗೀಸ ಪಯಣಿಗ ಡೊಮಿಂಗೊ ಪಾಯಸನು ಕರಾವಳಿಗೂ ಒಳನಾಡಿಗೂ ನಡುವೆ ಹೋಗಿ ಬರುತ್ತಿದ್ದ ಹೇರೆತ್ತುಗಳ ವಿಷಯವನ್ನು ಬರೆದಿಟ್ಟಿದ್ದಾನೆ.

ಇಂತಹ ಹೇರೆತ್ತುಗಳ ಒಡೆಯರಾಗಿದ್ದ ಲಂಬಾಣಿಗಳಿಗೆ ನಮ್ಮ ಇತಿಹಾಸ ಸಲ್ಲಿಸಬೇಕಾದ ಋಣ ಇನ್ನೂ ಉಳಿದಿದೆಯೆಂದೇ ನನ್ನ ಭಾವನೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ಗುಡ್ಡದ ತಪ್ಪಲುಗಳಲ್ಲಿ ಇಂದು ನೆಲೆನಿಂತಿರುವ ತಾಂಡಾಗಳ ಪೂರ್ವಿಕರು ಒಂದಾನೊಂದು ಕಾಲಕ್ಕೆ ನೆಲೆಯೇ ಇಲ್ಲದೆ, ಎತ್ತುಗಳ ಬೆನ್ನಿನ ಮೇಲೆ ಗೋಣಿ ಹೇರಿ, ಕಡಲಿನಿಂದ ಉಪ್ಪನ್ನೂ ಬಯಲಿನಿಂದ ಧಾನ್ಯವನ್ನೂ ಸಾಗಿಸಿಕೊಂಡು ದೇಶವನ್ನೇ ಮನೆಯಾಗಿ ಮಾಡಿಕೊಂಡಿದ್ದರು. 17ನೆಯ ಶತಮಾನದಲ್ಲಿ ಭಾರತವನ್ನು ಸುತ್ತಿದ ಫ್ರೆಂಚ್ ವರ್ತಕ ಟವರ್ನಿಯರನು ಹತ್ತು ಹನ್ನೆರಡು ಸಾವಿರ ಎತ್ತುಗಳು ಒಂದೇ ಸಾಲಿನಲ್ಲಿ ನಡೆಯುವುದನ್ನು ಕಂಡು ಬೆರಗಾಗಿ, ದಾರಿ ಕಿರಿದಾದ ಕಡೆ ಇತರ ಪಯಣಿಗರು ದಿನಗಟ್ಟಲೆ ಕಾಯಬೇಕಾಗುತ್ತಿತ್ತೆಂದು ಹೇಳುವನು. ಮೈಸೂರು ಯುದ್ಧಗಳಲ್ಲಿ ದಂಡುಗಳ ಅನ್ನ ಇವರ ಎತ್ತುಗಳ ಬೆನ್ನಿನ ಮೇಲೆಯೇ ನಡೆದುಬಂದಿತು. ಉಪ್ಪಿನ ಹೇರಿನೊಡನೆ ಕೊಬ್ಬರಿ, ಅಡಕೆ, ಒಣಮೀನು, ಕವಡೆ ಇವುಗಳ ಸಂದಿನಲ್ಲಿ ಸಮುದ್ರನೊರೆಯ ಒಂದು ಚೀಲ ಸೇರುವುದು ಎಷ್ಟರ ಮಾತು? ತೂಕವಿಲ್ಲ, ಕೊಳೆಯುವುದಿಲ್ಲ, ದಡದಲ್ಲಿ ಅದಕ್ಕೆ ಬೆಲೆಯಿಲ್ಲ, ಬಯಲಿನಲ್ಲಿ ಬೆಲೆಯುಂಟು. ವರ್ತಕನಿಗೆ ಇದಕ್ಕಿಂತ ಒಪ್ಪುವ ಸರಕಿಲ್ಲ. ಸುಂಕದವನ ಕಡತಕ್ಕೆ ಏರುವಷ್ಟು ಬೆಲೆಬಾಳದ ಕಾರಣದಿಂದಲೇ ಅದು ಶಾಸನಗಳಿಗೆ ಸಿಕ್ಕದೆ ಉಳಿಯಿತು.

ಉಪ್ಪಿನ ಕಥೆಗೆ ಇನ್ನೊಂದು ಮುಖವೂ ಇದೆ. ಬಳ್ಳಾರಿಯ ಚೌಳುನೆಲದಲ್ಲಿ ಉಪ್ಪಾರರು ಮಣ್ಣನ್ನು ತೊಳೆದು, ಆ ನೀರನ್ನು ಬಿಸಿಲಿಗಿಟ್ಟು, ಮಣ್ಣುಪ್ಪನ್ನು ತೆಗೆಯುತ್ತಿದ್ದರು. ಬಡವರ ಅಂಬಲಿಗೆ ಅದೇ ಉಪ್ಪು. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ದತ್ತಮಂಡಲದೊಡನೆ ಈ ಸೀಮೆಯೂ ಮದರಾಸಿನ ಆಡಳಿತಕ್ಕೆ ಸೇರಿ, ಆ ಶತಮಾನದ ಕೊನೆಯ ದಶಕಗಳಲ್ಲಿ ಸರ್ಕಾರವು ತನ್ನ ಉಪ್ಪಿನ ಆದಾಯದ ರಕ್ಷಣೆಗಾಗಿ ಮಣ್ಣುಪ್ಪಿನ ತಯಾರಿಕೆಯನ್ನು ನಿಲ್ಲಿಸಿತು. ಒಂದು ಇಡೀ ಸಮುದಾಯದ ಕಸುಬು ಹೀಗೆ ಕಾನೂನಿನ ಒಂದು ಗೆರೆಯಿಂದ ಅಳಿದುಹೋದುದು ಸಣ್ಣ ದುಃಖವಲ್ಲ. ಅದೇ ಸುಮಾರಿಗೆ ರೈಲುಹಾದಿಯು ಬಳ್ಳಾರಿಗೂ ಹೊಸಪೇಟೆಗೂ ಬಂದು, ಮುಂದೆ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮಾರ್ಗವಾಗಿ ಕೊಟ್ಟೂರಿನವರೆಗೆ ಒಂದು ಕವಲು ಸಾಗಿತು. ಲಂಬಾಣಿಗಳ ಎತ್ತುಗಳಿಗೆ ಕೆಲಸ ತಪ್ಪಿತು. ಕಡಲುಪ್ಪು ಗಾಡಿಯಲ್ಲಿ ಬಂದಿಳಿಯಿತು. ಕೊಟ್ಟೂರು ಆ ಕವಲಿನ ಕಟ್ಟಕಡೆಯ ನಿಲ್ದಾಣವಾಗಿ, ಸುತ್ತಲಿನ ಹಳ್ಳಿಗಳಿಗೆ ದಿನಸಿ ಹಂಚುವ ದೊಡ್ಡ ಪೇಟೆಯಾಗಿ ಬೆಳೆಯಿತು. ಆಳುವವರು ಬದಲಾದರು, 1953ರಲ್ಲಿ ಸೀಮೆ ಮೈಸೂರಿಗೆ ಸೇರಿತು, 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು, ಖಾನೆಯೊಳಗಿನ ಸಮುದ್ರನೊರೆ ಮಾತ್ರ ಕದಲಲಿಲ್ಲ.

ಕೊಟ್ಟೂರಿನ ಪೇಟೆಯ ಅಂತಹದೊಂದು ಗ್ರಂದಿಗೆ ಅಂಗಡಿಯಲ್ಲಿ ನಾನು ಕೇಳಿದ ಮಾತುಕತೆಯನ್ನು ಇದ್ದಂತೆಯೇ ಬರೆಯುತ್ತೇನೆ. ಹಳ್ಳಿಯಿಂದ ಬಂದ ವೃದ್ಧೆ ಸೆರಗಿನ ಗಂಟು ಬಿಚ್ಚುತ್ತ, “ಶೆಟ್ರ, ಸಮುದ್ರನೊರಿ ಐತೇನ್ರಿ? ಮೊಮ್ಮಗಂದು ಕಿವಿ ಸೋರಾಕ ಹತ್ತೈತ್ರಿ” ಎಂದಳು. ಶೆಟ್ಟರು ಖಾನೆಯನ್ನು ಎಳೆಯದೆ, “ಎಷ್ಟು ದಿನಾತವ್ವ? ವಾಸನಿ ಬರತೈತೇನು?” ಎಂದು ಕೇಳಿದರು. “ಬರತೈತ್ರಿ, ರಾತ್ರಿ ಮಕ್ಕಣಂಗಿಲ್ಲ ಕೂಸು” ಎಂಬ ಉತ್ತರಕ್ಕೆ, “ಹಂಗಾದ್ರ ಇದನ್ನ ಹಾಕಬ್ಯಾಡವ್ವ, ಮೊದಲು ದವಾಖಾನಿಗೆ ಕರಕೊಂಡು ಹೋಗು; ಇದು ಮ್ಯಾಲಿನ ಗಾಯಕ್ಕ ಆದೀತು, ಒಳಗಿಂದಕ್ಕ ಅಲ್ಲ” ಎಂದು ಹೇಳಿ ಕಳುಹಿಸಿದರು. ಬಂದ ವ್ಯಾಪಾರವನ್ನು ಬಿಟ್ಟುಕೊಟ್ಟು ಆಡಿದ ಆ ಮಾತಿನಲ್ಲಿ, ಒಂದು ವಸ್ತುವಿನ ಗುಣದ ಜತೆಗೆ ಅದರ ಎಲ್ಲೆಯನ್ನೂ ಅರಿತವರ ವಿವೇಕವಿತ್ತು. ಗ್ರಂದಿಗೆ ಅಂಗಡಿಯೆಂಬ ಸಂಸ್ಥೆಯ ಹಿರಿಮೆ ಅದರ ಖಾನೆಗಳಲ್ಲಿರುವಷ್ಟೇ ಇಂತಹ ವಿವೇಕದಲ್ಲಿಯೂ ಇದ್ದಿತು.

ಇನ್ನು ಸಮುದ್ರನೊರೆಯನ್ನು ಕೊಡುವ ಕಟ್ಲ್‌ಫಿಶ್, ಅದರ ದಾಯಾದಿ ಬೊಂಡಾಸ್ ಇವುಗಳ ಕುಲದ ಮೈಯಲ್ಲಿ ರೋಗಾಣುಗಳನ್ನು ತಡೆಯುವ ವಸ್ತುಗಳುಂಟೇ ಎಂಬ ಪ್ರಶ್ನೆಯನ್ನು ವಿಜ್ಞಾನವು ಕೈಗೆತ್ತಿಕೊಂಡುದು ಬಹಳ ಈಚೆಗೆ. ಪ್ರಶ್ನೆ ಹುಟ್ಟುವುದಕ್ಕೆ ಕಾರಣವು ಸಹಜವಾದುದೇ. ಕಡಲನೀರಿನ ಒಂದು ಮಿಲಿಲೀಟರಿನಲ್ಲಿ ಸುಮಾರು 10 ಲಕ್ಷ ಬ್ಯಾಕ್ಟೀರಿಯಾಗಳಿರುವುವು. ಅಂತಹ ನೀರಿನಲ್ಲಿ ಶಲ್ಕವಿಲ್ಲದ, ಹೊರಚಿಪ್ಪಿಲ್ಲದ, ಬರಿಯ ಮೃದುಚರ್ಮದ ಬೊಂಡಾಸ್ ಹುಟ್ಟಿ, ಬೆಳೆದು, ಮೊಟ್ಟೆಯಿಟ್ಟು ಸಾಯುವುದು; ಮನುಷ್ಯನ ರಕ್ತದಲ್ಲಿರುವಂತಹ ಪ್ರತಿಕಾಯಗಳು ಅದಕ್ಕೆ ಇಲ್ಲ. ಹಾಗಿದ್ದರೆ ಅದು ಉಳಿಯುವ ಬಗೆ ಹೇಗೆ? ಅದರ ರಕ್ತದಲ್ಲಿ ಅಲೆಯುವ ಕಣಗಳು ಒಳನುಗ್ಗಿದ ಸೂಕ್ಷ್ಮಜೀವಿಗಳನ್ನು ನುಂಗುವುವು. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಮನುಷ್ಯನ ಶ್ಲೇಷ್ಮದಲ್ಲಿಯೂ ಕಣ್ಣೀರಿನಲ್ಲಿಯೂ ಗುರುತಿಸಿದ ಲೈಸೋಜೈಮ್ ಎಂಬ ಕಿಣ್ವದ ಬಂಧುಗಳು ಮೃದ್ವಂಗಿಗಳಲ್ಲಿಯೂ ಇದ್ದು ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಒಡೆಯುವುವು. ಇನ್ನು ಅದರ ಮಸಿ. ಶತ್ರುವಿನ ಕಣ್ಣಿಗೆ ಮಂಕು ಕವಿಸಲೆಂದು ಉಗುಳುವ ಆ ಕಪ್ಪುದ್ರವದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವೂ ಲೋಳೆಯೂ ಟೈರೋಸಿನೇಸ್ ಎಂಬ ಕಿಣ್ವವೂ ಇದ್ದು, ಮೆಲನಿನ್ ಸಿದ್ಧವಾಗುವ ದಾರಿಯಲ್ಲಿ ಹುಟ್ಟುವ ಕ್ವಿನೋನ್‌ಗಳು ಜೀವಕೋಶಗಳಿಗೆ ವಿಷವಾಗಿರುವುವು. ಜಪಾನಿನ ತೊಯಾಮಾ ಪ್ರಾಂತದವರು ಬೊಂಡಾಸಿನ ಮಾಂಸವನ್ನು ಉಪ್ಪಿನಲ್ಲಿ ಹಾಕಿಡುವಾಗ ಅದರ ಮಸಿಯನ್ನೂ ಬೆರೆಸಿ ಕುರೊಜುಕುರಿ ಎಂಬ ಕಪ್ಪು ಉಪ್ಪಿನಕಾಯಿಯನ್ನು ಮಾಡುವ ಪದ್ಧತಿಯುಂಟು. ಅದೇ ದೇಶದ ಮೋಚಿಜುಕಿ ಎಂಬ ವಿಜ್ಞಾನಿ 1979ರಲ್ಲಿ ಕಟ್ಲ್‌ಫಿಶ್ ಮಸಿಯ ನಂಜುನಿರೋಧಕ ಗುಣವನ್ನು ಕುರಿತು ಲೇಖನವನ್ನು ಪ್ರಕಟಿಸಿದನು.

ಇದಕ್ಕಿಂತಲೂ ಮನಸ್ಸನ್ನು ಸೆಳೆಯುವುದು ಮೊಟ್ಟೆಗಳ ವೃತ್ತಾಂತ. ಹವಾಯಿ ದ್ವೀಪಗಳ ಸುತ್ತ ವಾಸಿಸುವ ಹೆಬ್ಬೆರಳಿನಷ್ಟು ಗಾತ್ರದ ಗಿಡ್ಡಬಾಲದ ಬೊಂಡಾಸ್ ತನ್ನ ಮೊಟ್ಟೆಗಳನ್ನು ಕಲ್ಲಿಗೋ ಹವಳಕ್ಕೋ ಅಂಟಿಸಿ ಹೊರಟುಹೋಗುವುದು, ತಿರುಗಿಯೂ ನೋಡದು. ಸುಮಾರು ಮೂರು ವಾರಗಳ ಕಾಲ ಆ ಮೊಟ್ಟೆಗಳು ಕಾವಲಿಲ್ಲದೆ ಕಡಲನೀರಿನಲ್ಲಿರುವುವು. ಆದರೆ ತಾಯಿ ಅವನ್ನು ಬರಿಗೈಯಲ್ಲಿ ಬಿಟ್ಟುಹೋಗಿರುವುದಿಲ್ಲ. ತನ್ನ ದೇಹದ ಒಂದು ಗ್ರಂಥಿಯಲ್ಲಿ ಸಾಕಿಕೊಂಡಿದ್ದ ಬ್ಯಾಕ್ಟೀರಿಯಾಗಳನ್ನೇ ಮೊಟ್ಟೆಯ ಲೋಳೆಗವಚದಲ್ಲಿ ಸೇರಿಸಿಟ್ಟಿರುವುದು. 2019ರಲ್ಲಿ ಅಮೆರಿಕದ ಸಂಶೋಧಕರು ಆ ಬ್ಯಾಕ್ಟೀರಿಯಾಗಳನ್ನು ಔಷಧದಿಂದ ಕೊಂದು ನೋಡಿದಾಗ, ಫ್ಯುಸೇರಿಯಮ್ ಜಾತಿಯ ಬೂಷ್ಟು ಮೊಟ್ಟೆಗಳನ್ನು ಮುಚ್ಚಿ ಮರಿಗಳು ಒಳಗೇ ಸತ್ತುವೆಂದು ವರದಿಯಾಗಿದೆ. ಆ ಗ್ರಂಥಿ ಮಲ್ಪೆ ಮಂಗಳೂರುಗಳ ಬಲೆಗೆ ಬೀಳುವ ಬೊಂಡಾಸಿನಲ್ಲಿಯೂ ಇದೆ. ಮೊಟ್ಟೆಯಿಡುವ ಕಾಲ ಬಂದಾಗ ಅದು ಕೆಂಬಣ್ಣಕ್ಕೆ ತಿರುಗುವುದನ್ನು ಮೀನು ಸೀಳುವ ಹೆಂಗಸರು ದಿನವೂ ಕಾಣುತ್ತಿರುವರು. ಸೂಕ್ಷ್ಮಜೀವಿಯಿಂದಲೇ ಸೂಕ್ಷ್ಮಜೀವಿಯನ್ನು ತಡೆಯುವ ಈ ಉಪಾಯವನ್ನು ಅರಿತು ವ್ಯಾಪಕವಾಗಿ ಬಳಸಲು ಮನುಷ್ಯನಿಗೆ 20ನೆಯ ಶತಮಾನ ಬರಬೇಕಾಯಿತು.

ಬೇರೆ ಕಡಲಪ್ರಾಣಿಗಳ ಮಾತನ್ನು ಬೇಗ ಮುಗಿಸುತ್ತೇನೆ. ನಮ್ಮ ಒಡಿಶಾದ ತೀರದಲ್ಲಿಯೂ ಬಂಧುಗಳುಳ್ಳ ಲಾಳದೇಡಿಯ ಜಪಾನೀ ಜಾತಿಯೊಂದರ ರಕ್ತಕಣಗಳಿಂದ 1988ರಲ್ಲಿ ಟ್ಯಾಕಿಪ್ಲೆಸಿನ್ ಎಂಬ ಬ್ಯಾಕ್ಟೀರಿಯಾನಾಶಕ ಪೆಪ್ಟೈಡನ್ನೂ, 1993ರಲ್ಲಿ ಒಂದು ಜಾತಿಯ ಸಣ್ಣ ಶಾರ್ಕಿನಿಂದ ಸ್ಕ್ವಾಲಮೀನ್ ಎಂಬ ದ್ರವ್ಯವನ್ನೂ ಬೇರ್ಪಡಿಸಿದರು. ಇವು ಯಾವುವೂ ಇನ್ನೂ ನಮ್ಮ ಕೂಡ್ಲಿಗಿಯ ದವಾಖಾನೆಯ ಬೀರುವಿಗೆ ಬಂದಿಲ್ಲ. ಬಂದಿರುವುದು ಕಡಲಂಚಿನ ಇನ್ನೊಂದು ಕೊಡುಗೆ: ಇಟಲಿಯ ಸಾರ್ಡೀನಿಯಾ ದ್ವೀಪದ ಕಾಲ್ಯಾರಿ ನಗರದ ಕೊಳಚೆ ಕಡಲಿಗೆ ಸೇರುವ ಸ್ಥಳದಲ್ಲಿ ಜನರು ಈಜಿದರೂ ವಿಷಮಶೀತಜ್ವರ ತಗಲದಿರುವುದನ್ನು ಗಮನಿಸಿದ ಜ್ಯುಸೆಪ್ಪೆ ಬ್ರೋಟ್ಸು ಎಂಬ ವೈದ್ಯನು 1945ರಲ್ಲಿ ಅಲ್ಲಿಯ ನೀರಿನಿಂದ ಒಂದು ಬೂಷ್ಟನ್ನು ಬೆಳೆಸಿದನು, ಆಕ್ಸ್‌ಫರ್ಡಿನಲ್ಲಿ ಏಬ್ರಹಾಮ್ ಮತ್ತು ನ್ಯೂಟನ್ ಅದರಿಂದ ಸೆಫಲೋಸ್ಪೊರಿನ್ ಸಿ ಎಂಬುದನ್ನು ತೆಗೆದರು. ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಜ್ವರಕ್ಕೂ ಕೀವಿಗೂ ಚುಚ್ಚುವ ಎಷ್ಟೋ ಸೂಜಿಮದ್ದುಗಳು ಆ ಬೂಷ್ಟಿನ ವಂಶದವು.

ಹಾಗಾದರೆ ಸಮುದ್ರನೊರೆಯಲ್ಲಿಯೂ ಇಂತಹ ಗುಣವಿದ್ದುದರಿಂದಲೇ ಪೂರ್ವಿಕರು ಅದನ್ನು ಗಾಯಕ್ಕೆ ಬಳಸಿದರೆಂದು ಹೇಳಬಹುದೇ? ಹೇಳಲು ನನ್ನ ಮನಸ್ಸು ಒಪ್ಪದು. ಆ ಚಿಪ್ಪಿನ ಬಹುಪಾಲು ಸುಣ್ಣದ ಕಾರ್ಬೊನೇಟು. ರೋಗಾಣುವನ್ನು ಕೊಲ್ಲುವ ಶಕ್ತಿ ಅದಕ್ಕಿಲ್ಲ. ಕೆರೆದು, ಹೀರಿ, ಒಣಗಿಸಿ, ಗಾಯವನ್ನು ರೋಗಾಣುಗಳಿಗೆ ಒಗ್ಗದ ನೆಲವಾಗಿ ಮಾಡುವುದಷ್ಟೇ ಅದರ ಕೆಲಸ. ಗಾಯವನ್ನು ತೊಳೆದು ಕೊಳೆತದ್ದನ್ನು ತೆಗೆಯದೆ ಯಾವ ಔಷಧವೂ ನಾಟದೆಂಬುದು ಇಂದಿನ ಶಸ್ತ್ರವೈದ್ಯರ ಮತವೂ ಆಗಿರುವುದರಿಂದ, ಸುಶ್ರುತನ ಕೀರ್ತಿಗೆ ಅಷ್ಟೇ ಸಾಕು. ಇಲ್ಲದ ಆಭರಣವನ್ನು ತೊಡಿಸಬೇಕಾದುದಿಲ್ಲ. ಆದರೆ ಆ ಸುಣ್ಣದ ಪದರಗಳನ್ನು ಹಿಡಿದು ನಿಲ್ಲಿಸಿರುವ, ತೂಕದಲ್ಲಿ ಅತ್ಯಲ್ಪವಾದ ಇನ್ನೊಂದು ವಸ್ತು ಅದರಲ್ಲಿದೆ. ಅದು ಕೈಟಿನ್. ಬೊಂಡಾಸಿನ ಬೆನ್ನೊಳಗಿನ ಗಾಜಿನಂತಹ ಗರಿಯಲ್ಲಿಯೂ ಇದೇ ವಸ್ತು ಹೇರಳವಾಗಿದೆ. ಕೈಟಿನನ್ನು ತೀಕ್ಷ್ಣಕ್ಷಾರದಲ್ಲಿ ಕುದಿಸಿದರೆ ಅದು ಕೈಟೋಸಾನ್ ಎಂಬ ಬೇರೊಂದು ದ್ರವ್ಯವಾಗುವುದೆಂದು 1859ರಲ್ಲಿ ಫ್ರಾನ್ಸಿನ ರೂಜೆ ಎಂಬವನು ಕಂಡನು. ಆ ಕೈಟೋಸಾನ್ ಆಮ್ಲೀಯ ದ್ರವದಲ್ಲಿ ಧನವಿದ್ಯುದಂಶವನ್ನು ತಾಳಿ, ಋಣವಿದ್ಯುದಂಶವುಳ್ಳ ಬ್ಯಾಕ್ಟೀರಿಯಾದ ಪೊರೆಗೆ ಅಂಟಿಕೊಂಡು ಅದನ್ನು ಕೆಡಿಸುವುದು, ರಕ್ತವನ್ನು ಹೆಪ್ಪುಗಟ್ಟಿಸುವುದು. ಯುದ್ಧಭೂಮಿಯಲ್ಲಿ ಗಾಯಾಳುಗಳಿಗೆ ಕಟ್ಟುವ ಪಟ್ಟಿಗಳಲ್ಲಿ ಅದನ್ನು ಈಗ ಬಳಸುತ್ತಿರುವರು. ನಮ್ಮ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಸಿಗಡಿಯ ಸಿಪ್ಪೆಯಿಂದ ಅದನ್ನು ತಯಾರಿಸುವ ವಿಧಾನವನ್ನು ರೂಪಿಸಿದೆ.

ಆ ತಯಾರಿಕೆಯ ಕ್ರಮವನ್ನು ಓದಿದಂದು ನಾನು ಬಹುಹೊತ್ತು ಪುಸ್ತಕವನ್ನು ಮುಚ್ಚದೆ ಕುಳಿತಿದ್ದೆ. ಮೊದಲು ಆಮ್ಲದಿಂದ ಸುಣ್ಣವನ್ನು ಕರಗಿಸಬೇಕು, ಆಮೇಲೆ ಕ್ಷಾರದಿಂದ ಸಂಸ್ಕರಿಸಬೇಕು. ನಮ್ಮ ರಸವೈದ್ಯರು ಸಮುದ್ರಫೇನವನ್ನು ಶೋಧಿಸಲು ಹೇಳಿದ ವಿಧಿ ನಿಂಬೆಯ ರಸದಲ್ಲಿ ಅರೆಯುವುದು. ಅದು ಆಮ್ಲದ ಹೆಜ್ಜೆ, ಅರ್ಧಕ್ಕೆ ನಿಂತ ಹೆಜ್ಜೆ. ಎರಡನೆಯ ಹೆಜ್ಜೆಗೆ ಬೇಕಾದ ತೀಕ್ಷ್ಣಕ್ಷಾರವೂ ಅವರಿಗೆ ಗೊತ್ತಿರದ ವಸ್ತುವಲ್ಲ: ಸುಶ್ರುತನು ಸೂತ್ರಸ್ಥಾನದ ಕ್ಷಾರಪಾಕದಲ್ಲಿ, ಮರದ ಬೂದಿಯ ತಿಳಿನೀರನ್ನು ಕಾಯಿಸಿ, ಶಂಖನಾಭಿಯನ್ನೂ ಚಿಪ್ಪುಗಳನ್ನೂ ಕೆಂಡದಂತೆ ಕಾಸಿ ಅದರಲ್ಲಿ ನಂದಿಸಿ ಬೆರೆಸಿ, ಮಾಂಸವನ್ನು ಸುಡಬಲ್ಲ ಕ್ಷಾರವನ್ನು ಮಾಡುವ ಬಗೆಯನ್ನು ವಿವರವಾಗಿ ಹೇಳಿದ್ದಾನೆ. ಕಡಲಿನ ಒಂದು ಚಿಪ್ಪಿನಿಂದ ಕ್ಷಾರ ಸಿದ್ಧವಾಯಿತು, ಇನ್ನೊಂದು ಚಿಪ್ಪು ಲೇಖನಕ್ಕೆ ಒದಗಿತು. ಎರಡೂ ಒಂದೇ ಸಂಹಿತೆಯ ಎರಡು ಸ್ಥಾನಗಳಲ್ಲಿ ಬೇರೆಬೇರೆಯಾಗಿಯೇ ಉಳಿದುವು, ಮತ್ತು ಆ ಸಂಹಿತೆಯನ್ನು ಅನುಸರಿಸಿದ ಅಂಗಡಿಗಳಲ್ಲಿಯೂ, ಹರಪನಹಳ್ಳಿಯಾಗಲಿ ಕೊಟ್ಟೂರಾಗಲಿ, ಯವಕ್ಷಾರವೂ ಸಮುದ್ರನೊರೆಯೂ ಬೇರೆಬೇರೆಯ ಖಾನೆಗಳಲ್ಲಿಯೇ ಉಳಿದುವು.